ಮೂರನೇ ತೂತಿನ ಗಾಂಧಾರ

ಪ್ರಶ್ನೆ: ನಾನು ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲ್ ಟೀಚರ್. ಚಿಕ್ಕವಳಿದ್ದಾಗ ಐದು ವರ್ಷ ಕರ್ನಾಟಕ ಸಂಗೀತ ಕಲಿತು ವರ್ಣದವರೆಗೂ ಹೋಗಿದ್ದೆ, ಆಮೇಲೆ ಬಿಟ್ಟುಹೋಯಿತು. ಎರಡು ವರ್ಷದಿಂದ ಹತ್ತು ತೂತಿನ ಸಿ ಕೀ ಹಾರ್ಮೋನಿಕಾ (ಮೌತ್ ಆರ್ಗನ್, ಹಾರ್ಪ್ ಅಂತಲೂ ಅನ್ನುತ್ತಾರೆ) ನುಡಿಸುತ್ತಿದ್ದೇನೆ. ಒಂದೊಂದೇ ಸ್ವರ ಚೊಕ್ಕವಾಗಿ ಬರುತ್ತದೆ. 4ನೇ ತೂತಿನಲ್ಲಿ ಬೆಂಡ್, ಅಂದರೆ ಸ್ವರವನ್ನು ಬಗ್ಗಿಸಿ ತಗ್ಗಿಸುವುದು, ಆಗುತ್ತದೆ. 2 ಮತ್ತು 3ರಲ್ಲಿ ಆಗುವುದೇ ಇಲ್ಲ. ನನಗೆ ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತ ಇಷ್ಟ, ಆದರೆ ಬ್ಲೂಸ್ ನುಡಿಸಿದರೆ ಮನೆಯವರು "ಭಾವಗೀತೆ ಚೆನ್ನಾಗಿದೆ" ಅನ್ನುತ್ತಾರೆ. ಇನ್ನೂ ದುಬಾರಿ ಹಾರ್ಪ್ ತಗೋಬೇಕಾ? ಓವರ್‌ಬ್ಲೋ (ಊದಿ ಸ್ವರವನ್ನು ಮೇಲಕ್ಕೆ ಹಾರಿಸುವ ತಂತ್ರ) ಕಲಿತರೆ ಸರಿಹೋಗುತ್ತಾ? ಒಂದು ನಿಮಿಷದ ರೆಕಾರ್ಡಿಂಗ್ ಕಳಿಸಿದ್ದೇನೆ.

ಉತ್ತರ: ಮೇಡಂ, ನಿಮ್ಮ ರೆಕಾರ್ಡಿಂಗನ್ನು ಆರೇಳು ಸಲ ಕೇಳಿದೆ. ಉಸಿರು ಚೆನ್ನಾಗಿದೆ. ಪಕ್ಕದ ತೂತಿನ ಸದ್ದು ಎಲ್ಲೂ ಸೇರಿಕೊಂಡಿಲ್ಲ. ಎರಡು ವರ್ಷ ಸುಮ್ನೆ ಕಳೆದಿಲ್ಲ ನೀವು.

ಮನೆಯವರು ಹೇಳಿದ್ದೂ ಸರಿಯೇ. ಭಾವಗೀತೆ ಥರ ಕೇಳಿಸುವುದಕ್ಕೆ ಮುಖ್ಯ ಕಾರಣ ಒಂದೇ ಜಾಗದಲ್ಲಿದೆ. 3ನೇ ತೂತು ಎಳೆದಾಗಲೆಲ್ಲ, ಅಂದರೆ ಅದರಿಂದ ಉಸಿರು ಒಳಗೆ ತಗೊಂಡಾಗಲೆಲ್ಲ, ನೀವು ತಿದ್ದಿ ತೀಡಿದ ಅಂತರ ಗಾಂಧಾರ, ಎತ್ತರದ ‘ಗ’, ಕೊಡುತ್ತಿದ್ದೀರಿ. ಆ ಒಂದು ನಿಮಿಷದಲ್ಲಿ ಅದು ಹನ್ನೊಂದು ಸಲ ಬರುತ್ತದೆ, ಹನ್ನೊಂದು ಸಲವೂ ಅಷ್ಟೇ ಶುದ್ಧವಾಗಿ. ಬ್ಲೂಸ್‌ನಲ್ಲಿ ಆ ಗಾಂಧಾರ ಅಷ್ಟು ಎತ್ತರದಲ್ಲಿ ನಿಲ್ಲುವುದಿಲ್ಲ. ಸ್ವಲ್ಪ ಕೆಳಗೆ ಜಾರಿರುತ್ತದೆ. ಎಷ್ಟು ಕೆಳಗೆ ಅನ್ನುವುದೇ ಇಡೀ ವಿದ್ಯೆ. ಹಾಗಾಗಿ ಹಾರ್ಪ್ ಬದಲಿಸಬೇಡಿ, ಓವರ್‌ಬ್ಲೋ ಕಡೆ ಈಗ ನೋಡಲೇಬೇಡಿ. ಮುಂದಿನ ಕೆಲವು ತಿಂಗಳು ಆ 3ನೇ ತೂತಿನಲ್ಲೇ ಕಳೆಯಿರಿ. ಯಾಕೆ, ಹೇಗೆ ಅಂತ ಬಿಡಿಸಿ ಹೇಳುತ್ತೇನೆ. ನಿಮಗೆ ಸ್ವರಸ್ಥಾನಗಳು ಗೊತ್ತಿರುವುದರಿಂದ ನನ್ನ ಕೆಲಸ ಅರ್ಧ ಹಗುರಾಯಿತು.

ಸಿ ಹಾರ್ಪ್ ಮಾಡಿರುವುದು ಸಿ ಮೇಜರ್‌ಗೆ, ಅಂದರೆ ನಮ್ಮ ಲೆಕ್ಕದಲ್ಲಿ ಶಂಕರಾಭರಣ ರಾಗಕ್ಕೆ. ಈ ವಾದ್ಯ ಮಾಡಿದ ಜರ್ಮನಿಯವರು ಅದನ್ನು ತಮ್ಮ ಜಾನಪದ ಹಾಡುಗಳಿಗೆ ಅಂತಲೇ ಮಾಡಿದ್ದರು. ಹೋಹ್ನರ್ ಕಂಪನಿ 1857ರಲ್ಲಿ ಶುರುವಾಯಿತು, ಅದರ ಮರೀನ್ ಬ್ಯಾಂಡ್ ಮಾದರಿ 1896ರಲ್ಲಿ ಬಂತು. ಅಗ್ಗದ ವಾದ್ಯ, ಜೇಬಿನಲ್ಲಿ ಹಿಡಿಸುತ್ತಿತ್ತು. ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಕೈಗೆ ಅದು ಸಿಕ್ಕಾಗ ಅವರು ಊದುವುದಕ್ಕಿಂತ ಎಳೆಯುವುದನ್ನು ಜಾಸ್ತಿ ಮಾಡಿದರು. ಎಳೆದ ಸ್ವರ ಬಗ್ಗುತ್ತದೆ, ಅಳುತ್ತದೆ, ಮಾತಾಡುತ್ತದೆ. 2ನೇ ತೂತು ಎಳೆದರೆ ಬರುವ ಜಿ, ಅಂದರೆ ಸಿ ಹಾರ್ಪಿನ ಪಂಚಮ, ಅವರಿಗೆ ಷಡ್ಜವಾಯಿತು. ಇದನ್ನೇ ಸೆಕೆಂಡ್ ಪೊಸಿಶನ್ ಅಥವಾ ಕ್ರಾಸ್ ಹಾರ್ಪ್ ಅನ್ನುತ್ತಾರೆ. ನೀವು ಇದನ್ನು ಗ್ರಹಭೇದ ಅಂದುಕೊಳ್ಳಿ. ಶಂಕರಾಭರಣದ ಪಂಚಮವನ್ನು ಷಡ್ಜ ಮಾಡಿದರೆ ಏನು ಬರುತ್ತದೆ? ಹರಿಕಾಂಬೋಜಿ. ನಿಮ್ಮ ರೆಕಾರ್ಡಿಂಗ್‌ನಲ್ಲಿ ಕೇಳಿಸುತ್ತಿರುವುದೂ ಅದೇ. ಸರಿಯಾದ ಪೊಸಿಶನ್‌ನಲ್ಲಿ ಕೂತು ಸೊಗಸಾದ ಹರಿಕಾಂಬೋಜಿ ನುಡಿಸುತ್ತಿದ್ದೀರಿ. ಬ್ಲೂಸ್‌ಗೆ ಬೇಕಾದ ಮೂರು ಸ್ವರ ಅದರಲ್ಲಿ ಇಲ್ಲ, ಇದ್ದರೂ ಬಗ್ಗಿಸದೆ ಸಿಗುವುದಿಲ್ಲ.

ಜಿ ಷಡ್ಜ ಆದರೆ ಬ್ಲೂಸ್‌ನ ಸ್ವರಗಳು ಹೀಗೆ ಕೂರುತ್ತವೆ. ಷಡ್ಜಕ್ಕೆ 2 ಎಳೆಯಿರಿ, ಅಥವಾ 3 ಊದಿ, ಎರಡೂ ಒಂದೇ. ಸಾಧಾರಣ ಗಾಂಧಾರಕ್ಕೆ, ಅಂದರೆ ಅಂತರಕ್ಕಿಂತ ಒಂದು ಮೆಟ್ಟಿಲು ತಗ್ಗಿದ ‘ಗ’ಕ್ಕೆ, 3 ಎಳೆದು ಅರ್ಧ ಸ್ವರ ಬಗ್ಗಿಸಬೇಕು. ಶುದ್ಧ ಮಧ್ಯಮಕ್ಕೆ 4 ಊದಿ. ಅದಕ್ಕಿಂತ ಒಂದು ಮೆಟ್ಟಿಲು ಎತ್ತರದ ‘ಪ್ರತಿ ಮಧ್ಯಮ’ಕ್ಕೆ 4 ಎಳೆದು ಬಗ್ಗಿಸಿ. ಇದು ನಿಮಗೆ ಆಗಲೇ ಬರುತ್ತದೆ. ಪಂಚಮಕ್ಕೆ 4 ನೇರವಾಗಿ ಎಳೆಯಿರಿ. ಕೈಶಿಕಿ ನಿಷಾದ, ತಗ್ಗಿನ ‘ನಿ’, 5 ಎಳೆದರೆ ಬರುತ್ತದೆ, ತಾರ ಷಡ್ಜ 6 ಊದಿದರೆ. ಮಂದ್ರದ, ಅಂದರೆ ಕೆಳಗಿನ ಸ್ಥಾಯಿಯ, ಕೈಶಿಕಿ ನಿಷಾದ ಬೇಕಾದರೆ 2 ಎಳೆದು ಪೂರ್ತಿ ಬಗ್ಗಿಸಬೇಕು. ಮಂದ್ರ ಪಂಚಮ 1 ಎಳೆದರೆ ಸಿಗುತ್ತದೆ. ಬ್ಲೂಸ್ ಹಾರ್ಪಿನ ಮುಕ್ಕಾಲು ಬದುಕು ಈ ಕೆಳಗಿನ ಐದಾರು ತೂತುಗಳಲ್ಲೇ ಮುಗಿಯುತ್ತದೆ. ನಾಲ್ಕನೆಯದೊಂದೇ ಬಗ್ಗಿದರೆ ಸಾಲದು ಅನ್ನುವುದು ಇದಕ್ಕೇ.

ಈಗ ಬೆಂಡ್ ಹೇಗೆ ಆಗುತ್ತದೆ ಅಂತ ಒಂದು ಸಲ ತಿಳಿದುಕೊಳ್ಳಿ. ತಿಳಿದರೆ ಬಲಪ್ರಯೋಗ ಬಿಟ್ಟುಹೋಗುತ್ತದೆ. ಪ್ರತಿ ತೂತಿನಲ್ಲೂ ಎರಡು ರೀಡ್, ಅಂದರೆ ಅದುರಿ ಸದ್ದು ಮಾಡುವ ತೆಳು ಲೋಹದ ಪಟ್ಟಿ, ಇವೆ, ಒಂದು ಊದುವುದಕ್ಕೆ, ಇನ್ನೊಂದು ಎಳೆಯುವುದಕ್ಕೆ. 1ರಿಂದ 6ರವರೆಗೆ ಎಳೆಯುವ ಸ್ವರ ಎತ್ತರ, ಊದುವ ಸ್ವರ ತಗ್ಗು. ಎಳೆಯುವಾಗ ಬಾಯೊಳಗಿನ ಜಾಗ ಹಿಗ್ಗಿಸಿದರೆ ಎತ್ತರದ ರೀಡ್ ಕೆಳಗೆ ಜಗ್ಗುತ್ತದೆ, ಸುಮ್ಮನಿದ್ದ ತಗ್ಗಿನ ರೀಡೂ ದನಿ ಸೇರಿಸುತ್ತದೆ. ಎರಡರ ನಡುವೆ ಎಷ್ಟು ಅಂತರವಿದೆಯೋ ಅಷ್ಟೇ ಬಗ್ಗಲು ಜಾಗ. 4ರಲ್ಲಿ ಎಳೆದರೆ ಡಿ, ಊದಿದರೆ ಸಿ. ನಡುವೆ ಇರುವುದು ಒಂದೇ ಸ್ವರ. ಅದಕ್ಕೇ 4 ಎಲ್ಲರಿಗೂ ಬೇಗ ಒಲಿಯುತ್ತದೆ. ಅಲ್ಲಿ ತಪ್ಪಲು ಜಾಗವೇ ಇಲ್ಲ. 3ರಲ್ಲಿ ಎಳೆದರೆ ಬಿ, ಊದಿದರೆ ಜಿ. ನಡುವೆ ಮೂರು ಸ್ವರ: ಬಿ ಫ್ಲಾಟ್, ಎ, ಎ ಫ್ಲಾಟ್. ನಿಮ್ಮ ಭಾಷೆಯಲ್ಲಿ ಅಂತರ ಗಾಂಧಾರದಿಂದ ಹೊರಟು ಸಾಧಾರಣ ಗಾಂಧಾರ, ಚತುಶ್ರುತಿ ರಿಷಭ, ಶುದ್ಧ ರಿಷಭ. ಮೂರು ಮೆಟ್ಟಿಲು ಇರುವ ಜಾರುಬಂಡೆ ಅದು. ಕಾಲಿಟ್ಟರೆ ಸೀದಾ ಕೆಳಗೆ ಹೋಗುತ್ತೀರಿ, ಇಲ್ಲವೇ ಮೇಲೇ ನಿಂತುಬಿಡುತ್ತೀರಿ. ನಡುವೆ ನಿಲ್ಲುವುದು ಕಷ್ಟ. ಹತ್ತು ತೂತಿನಲ್ಲಿ ಅತಿ ಕಷ್ಟದ್ದು ಇದೇ, ಅತಿ ಬೆಲೆಬಾಳುವುದೂ ಇದೇ.

ನಾಲಿಗೆಯ ಜಾಗ ತಿಳಿಯಲು ನಮ್ಮ ವರ್ಣಮಾಲೆ ತುಂಬಾ ಸಹಾಯ ಮಾಡುತ್ತದೆ. ‘ಚ’ ಅನ್ನುವಾಗ ನಾಲಿಗೆ ಅಂಗುಳದ ಮುಂಭಾಗಕ್ಕೆ ತಾಗುತ್ತದೆ. ‘ಕ’ ಅನ್ನುವಾಗ ಹಿಂಭಾಗ ಏಳುತ್ತದೆ. 6ನೇ ತೂತಿನ ಬೆಂಡ್ ‘ಚ’ದ ಹತ್ತಿರ ಆಗುತ್ತದೆ. 4ರದ್ದು ಅದಕ್ಕಿಂತ ಹಿಂದೆ. 3, 2ಕ್ಕೆ ಬಂದಂತೆ ಇನ್ನೂ ಹಿಂದೆ, ‘ಕ’ ಹುಟ್ಟುವ ಜಾಗಕ್ಕೆ. 1ಕ್ಕೆ ಗಂಟಲ ಹತ್ತಿರ. ನೀವು 4ರಲ್ಲಿ ಕಲಿತ ನಾಲಿಗೆಯನ್ನೇ 3ರಲ್ಲೂ ಇಡುತ್ತಿದ್ದೀರಿ, ಅದಕ್ಕೇ ಅದು ಬಗ್ಗುತ್ತಿಲ್ಲ. ರೆಕಾರ್ಡಿಂಗ್‌ನ ಕೊನೆಯಲ್ಲಿ ಒಂದು ಕಡೆ ಸ್ವರ ಉಸಿರುಕಟ್ಟಿದ ಹಾಗೆ ನಿಂತುಹೋಯಿತಲ್ಲ, ಅದು ಇದೇ. ನಾಲಿಗೆ ಮುಂದೆ ಉಳಿದಿತ್ತು, ನೀವು ಜೋರಾಗಿ ಎಳೆದಿರಿ.

ಹಾರ್ಪ್ ಪಕ್ಕಕ್ಕಿಟ್ಟು ಇದನ್ನು ಮಾಡಿ ನೋಡಿ. ಉಸಿರು ಒಳಗೆಳೆಯುತ್ತಾ ಸಿಳ್ಳೆ ಹಾಕಿ. ಮೊದಮೊದಲು ಬರೀ ಗಾಳಿ ಬರಬಹುದು, ಪರವಾಗಿಲ್ಲ. ಸಿಳ್ಳೆಯನ್ನು ಮೇಲಿಂದ ಕೆಳಕ್ಕೆ ನಿಧಾನ ಇಳಿಸಿ. ನಾಲಿಗೆ ತಾನಾಗೇ ಹಿಂದಕ್ಕೆ ಸರಿಯುವುದು ಗೊತ್ತಾಗುತ್ತದೆ. ಅದೇ ಚಲನೆಯನ್ನು ಹಾರ್ಪಿಗೆ ತನ್ನಿ. ಮೂಗಿನಿಂದ ಗಾಳಿ ಸೋರುತ್ತಿದ್ದರೆ ಬೆಂಡ್ ಆಗುವುದಿಲ್ಲ. ಒಂದು ಸಲ ಮೂಗು ಹಿಡಿದುಕೊಂಡು ನುಡಿಸಿ ನೋಡಿ. ಹಿಡಿದಾಗ ಆಗಿ, ಬಿಟ್ಟಾಗ ಆಗದಿದ್ದರೆ ಸೋರಿಕೆ ಅಲ್ಲೇ ಇದೆ ಅಂತ ಅರ್ಥ. ಇನ್ನು ಜೋರು ಬೇಡವೇ ಬೇಡ. ಗಟ್ಟಿ ಅಂಬಲಿಯನ್ನು ಸ್ಟ್ರಾದಲ್ಲಿ ಹೀರುವ ಹಾಗೆ ಕೆನ್ನೆ ಒಳಗೆಳೆದುಕೊಂಡು ಎಳೆಯುವವರನ್ನು ನೋಡಿದ್ದೇನೆ. ಅವರ ರೀಡ್‌ಗಳು ಬೇಗ ಶ್ರುತಿ ತಪ್ಪುತ್ತವೆ, ಕೊನೆಗೆ ಮುರಿಯುತ್ತವೆ. ಆಕಳಿಸುವಾಗ ಉಸಿರು ಹೇಗೆ ಸದ್ದಿಲ್ಲದೆ ಹೊಟ್ಟೆಯವರೆಗೂ ಇಳಿಯುತ್ತದೆ, ಆ ಉಸಿರು ಸಾಕು.

2ನೇ ತೂತಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಕಲಿಯುವಾಗ ನನ್ನ ಮೊದಲ ಒಳ್ಳೆ ಹಾರ್ಪಿನಲ್ಲಿ 2 ಎಳೆದರೆ ಸ್ವರ ಗೊರಗೊರ ಅನ್ನುತ್ತಿತ್ತು. ರೀಡ್ ಕೆಟ್ಟಿದೆ ಅಂತ ಖಚಿತ ಮಾಡಿಕೊಂಡು ಕೋಲಾರದಿಂದ ಬಸ್ಸು ಹತ್ತಿ ಬೆಂಗಳೂರಿನ ಅಂಗಡಿಗೆ ವಾಪಸ್ ತಗೊಂಡು ಹೋದೆ. ಅಂಗಡಿಯ ಹಿರಿಯರು ಏನೂ ವಾದ ಮಾಡಲಿಲ್ಲ. ಕೌಂಟರ್ ಮೇಲಿದ್ದ ಪುಟ್ಟ ತಿದಿಯಂಥ ಪೆಟ್ಟಿಗೆಯ ಮೇಲೆ ಹಾರ್ಪ್ ಇಟ್ಟು, 2ನೇ ತೂತಿಗೆ ಹೊಂದಿಸಿ, ಮೆಲ್ಲಗೆ ಎಳೆದರು. ಗಂಟೆಯ ಹಾಗೆ ನುಡಿಯಿತು. ನನ್ನ ಬಾಯಿ ಬಿಗಿಯಾಗಿತ್ತು. ಗೊತ್ತಿಲ್ಲದೆ ಅರೆಬರೆ ಬೆಂಡ್ ಮಾಡಿ ಆ ರೀಡಿನ ಉಸಿರು ಕಟ್ಟಿಸುತ್ತಿದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ ದವಡೆ ಸಡಿಲ ಬಿಟ್ಟು ಸದ್ದಾಗದ ಹಾಗೆ ಉಸಿರೆಳೆಯುತ್ತಾ ಕೂತಿದ್ದು ಇನ್ನೂ ನೆನಪಿದೆ. ನಿಮ್ಮ ಹಾರ್ಪಿನಲ್ಲಿ 4 ಸಲೀಸಾಗಿ ಬಗ್ಗುತ್ತಿದೆ, ಸ್ವರಗಳು ಶ್ರುತಿಯಲ್ಲಿವೆ. ಅಷ್ಟಾದರೆ ವಾದ್ಯ ಸರಿಯಿದೆ.

ಈಗ ಅಭ್ಯಾಸ. ಫೋನಿನಲ್ಲಿ ತಂಬೂರಿ ಆಪ್ ಹಾಕಿ ಜಿಗೆ ಇಡಿ. ಜಿ ಅಂದರೆ ಐದನೇ ಶ್ರುತಿ, ನೀವು ಹಾಡುತ್ತಿದ್ದ ಶ್ರುತಿಯೂ ಅದರ ಹತ್ತಿರದಲ್ಲೇ ಇದ್ದಿರಬೇಕು. ಮೊದಲು ಹಾಡಿ. ಅಂತರ ಗಾಂಧಾರ ಹಿಡಿದು ನಿಲ್ಲಿ. ಆಮೇಲೆ ಸಾಧಾರಣ ಗಾಂಧಾರ. ದನಿಯಲ್ಲಿ ಸ್ಪಷ್ಟವಾದ ಮೇಲೆ ಹಾರ್ಪ್ ಎತ್ತಿಕೊಳ್ಳಿ. ಗಂಟಲಿಗೆ ಬಾರದ ಸ್ವರ ಬಾಯೊಳಗಿನ ಬೆಂಡ್‌ಗೂ ಬರುವುದಿಲ್ಲ. ಇದು ನಾನು ಕಲಿಸಿದ ಎಲ್ಲರಲ್ಲೂ ನೋಡಿದ ವಿಷಯ.

3 ಎಳೆದು ಮೊದಲು ಪೂರ್ತಿ ಕೆಳಗೆ ಹೋಗಿ. ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿ. ನಡುವಿನ ಮೆಟ್ಟಿಲಾದ ಎ, ಅಂದರೆ ಚತುಶ್ರುತಿ ರಿಷಭ, ಸರಿಯಾಗಿ ಬಂತಾ ಅಂತ ನೋಡಲು 6 ಎಳೆಯಿರಿ. ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಸಿಗುತ್ತದೆ. ಹಾಗೇ 2ರ ಪೂರ್ತಿ ಬೆಂಡ್ ಪರೀಕ್ಷಿಸಲು 5 ಎಳೆಯಿರಿ. ವಾದ್ಯದೊಳಗೇ ಮೇಷ್ಟ್ರು ಇದ್ದಾರೆ. ಬಿ ಫ್ಲಾಟ್‌ಗೆ ಮಾತ್ರ ಬಗ್ಗಿಸದೆ ಸಿಗುವ ಜೊತೆ ಸ್ವರ ಹಾರ್ಪಿನಲ್ಲಿ ಇಲ್ಲ. ಅದಕ್ಕೆ ನಿಮ್ಮ ಗಂಟಲೇ ಗತಿ, ಅಥವಾ ಟ್ಯೂನರ್ ಆಪ್. ಹಿಡಿದ ಸ್ವರದ ಮೇಲೆ ನಾಲ್ಕು ಎಣಿಕೆ ನಿಲ್ಲಿ. ಜಾರುತ್ತಾ ಹಾದುಹೋಗುವುದು ಸುಲಭ, ಯಾರಿಗೆ ಬೇಕಾದರೂ ಬರುತ್ತದೆ. ನೇರವಾಗಿ ಬೆಂಡ್‌ನಲ್ಲೇ ಶುರು ಮಾಡಿ, ಅಲ್ಲೇ ನಿಲ್ಲಿಸುವುದು ಬಂದಾಗ ಅದು ನಿಮ್ಮ ಸ್ವರ ಆಗುತ್ತದೆ.

ಇಲ್ಲಿ ನಿಮ್ಮ ಸಂಗೀತದ ಪಾಠ ಒಂದು ಕಡೆ ಅಡ್ಡ ಬರುತ್ತದೆ, ಎಚ್ಚರ. ಸಾಧಾರಣ ಗಾಂಧಾರ ಅಂದ ಕೂಡಲೇ ನಿಮ್ಮ ಕಿವಿ ಖರಹರಪ್ರಿಯದ ಕಂಪನ ಬೇಡುತ್ತದೆ. ಬೇಡ, ಅಲುಗಿಸಬೇಡಿ. ಬ್ಲೂಸ್‌ನ ಗಾಂಧಾರ ಕೆಳಗಿನಿಂದ ಮೇಲಕ್ಕೆ, ಅಥವಾ ಮೇಲಿನಿಂದ ಕೆಳಕ್ಕೆ, ಒತ್ತಿಕೊಂಡು ಬಂದು ಒಂದು ಕಡೆ ಕೂರುತ್ತದೆ. ಕೂರುವ ಜಾಗವೂ ಸಾಧಾರಣ ಮತ್ತು ಅಂತರದ ನಡುವೆ ಎಲ್ಲೋ ಇರುತ್ತದೆ. ಹಾಡುಗಾರನ ಮನಸ್ಸಿಗೆ ತಕ್ಕಂತೆ ಒಂದು ಕೂದಲೆಳೆ ಮೇಲೆ, ಕೂದಲೆಳೆ ಕೆಳಗೆ. ನಮ್ಮ ಕಡೆ ಅಜ್ಜಿಯರು ಯಾರೋ ತೀರಿಕೊಂಡಾಗ ಹೇಳಿಕೊಂಡು ಅಳುತ್ತಾರಲ್ಲ, ಆ ಅಳುವಿನ ದನಿ ಇಳಿಯುವುದನ್ನು ನೆನೆಸಿಕೊಳ್ಳಿ. ಅದಕ್ಕೂ ಸ್ವರಸ್ಥಾನ ಇಲ್ಲ, ಆದರೆ ತಪ್ಪಿದರೆ ಗೊತ್ತಾಗುತ್ತದೆ.

ಎಲ್ಲಿ ಎಷ್ಟು ಬಗ್ಗಿಸಬೇಕು ಅನ್ನುವುದಕ್ಕೆ ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಜೊತೆಯ ಗಿಟಾರ್ ಜಿ ಕಾರ್ಡ್‌ನಲ್ಲಿ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಇದ್ದಾಗ 3ನೇ ತೂತನ್ನು ಚೂರೇ ಚೂರು ತಗ್ಗಿಸಿ, ಕಾಲು ಸ್ವರದಷ್ಟು. ಗಿಟಾರ್ ಸಿ ಕಾರ್ಡ್‌ಗೆ ಹೋದಾಗ ಪೂರ್ತಿ ಬಿ ಫ್ಲಾಟ್‌ಗೆ ಇಳಿಸಿ. ಸಿ ಕಾರ್ಡ್ ಮೇಲೆ ನೇರವಾದ ಬಿ ನುಡಿಸಿದರೆ ಬ್ಲೂಸ್ ಅಲ್ಲೇ ಕಳಚಿ ಬೀಳುತ್ತದೆ. ನಿಮ್ಮ ರೆಕಾರ್ಡಿಂಗ್‌ನಲ್ಲಿ ಹಿನ್ನೆಲೆ ಟ್ರ್ಯಾಕ್ ಸಿಗೆ ಹೋದ ಮೇಲೂ ನೀವು ಎರಡು ಸಲ ನೇರ ಬಿ ಕೊಟ್ಟಿದ್ದೀರಿ. ಆ ಎರಡು ಕಡೆಯಷ್ಟೇ ಸರಿ ಮಾಡಿ ಮತ್ತೆ ನುಡಿಸಿ ನೋಡಿ, ಮನೆಯವರ ಮಾತು ಬದಲಾಗುತ್ತದೆ.

ಗಿಟಾರ್ ಯಾವಾಗ ಸಿಗೆ ಹೋಗುತ್ತದೆ ಅಂತ ತಿಳಿಯಬೇಕಲ್ಲ? ಅದಕ್ಕೆ ಹನ್ನೆರಡು ಬಾರ್‌ನ ಚೌಕಟ್ಟು ಮೈಗೆ ಹತ್ತಬೇಕು. ಒಂದು ಬಾರ್‌ಗೆ ನಾಲ್ಕು ಎಣಿಕೆ, ಹನ್ನೆರಡು ಬಾರ್‌ಗೆ ನಲವತ್ತೆಂಟು. ನೀವು ತೊಡೆ ಮೇಲೆ ಆದಿ ತಾಳ ಹಾಕಿ. ಎಂಟೆಣಿಕೆಯ ಆರು ಆವರ್ತ, ಅಂದರೆ ಆರು ಸುತ್ತು, ಆಗುತ್ತದೆ, ಸರಿಹೋಯಿತಲ್ವಾ? ಮೊದಲ ಎರಡು ಆವರ್ತ ಪೂರ್ತಿ ಷಡ್ಜದ ಕಾರ್ಡ್, ಜಿ. ಮೂರನೇ ಆವರ್ತ ಮಧ್ಯಮದ ಕಾರ್ಡ್, ಸಿ. ನಾಲ್ಕನೆಯದು ಮತ್ತೆ ಜಿ. ಐದನೇ ಆವರ್ತವನ್ನು ಮುರಿಯಿರಿ: ಲಘುವಿನಲ್ಲಿ, ಅಂದರೆ ಮೊದಲ ನಾಲ್ಕು ಎಣಿಕೆಯಲ್ಲಿ, ಪಂಚಮದ ಕಾರ್ಡ್ ಡಿ, ಎರಡು ದ್ರುತದಲ್ಲಿ, ಅಂದರೆ ಕೊನೆಯ ನಾಲ್ಕರಲ್ಲಿ, ಮಧ್ಯಮದ ಸಿ. ಆರನೆಯದರಲ್ಲಿ ಲಘು ಜಿ, ದ್ರುತಗಳಲ್ಲಿ ಡಿ. ಆ ಡಿ ನಿಮ್ಮನ್ನು ಮತ್ತೆ ಮೊದಲಿಗೆ ತಳ್ಳುತ್ತದೆ. ಒಂದು ವಾರ ಹಾರ್ಪ್ ಇಲ್ಲದೆ ಬರೀ ತಾಳ ಹಾಕುತ್ತಾ ಸ, ಮ, ಪ ಹಾಡಿಕೊಳ್ಳಿ. ಅಡುಗೆ ಮಾಡುವಾಗ ಮಾಡಿದರೂ ಆಗುತ್ತದೆ.

ನಡೆ ತಿಶ್ರ, ಅಂದರೆ ಎಣಿಕೆಗೆ ಮೂರು. ಪ್ರತಿ ಎಣಿಕೆಯಲ್ಲೂ ‘ತಕಿಟ’ ಇರುತ್ತದೆ, ಆದರೆ ನಡುವಿನ ‘ಕಿ’ಯನ್ನು ನುಂಗಿಬಿಡಬೇಕು. ತ–ಟ, ತ–ಟ, ತ–ಟ. ಇದೇ ಷಫಲ್ ಅನ್ನುವ ಬ್ಲೂಸ್ ನಡೆ. ನೀವು ನುಡಿಸಿದ್ದು ಚತುರಶ್ರದಲ್ಲಿ, ಎಣಿಕೆಗೆ ನಾಲ್ಕರ ಹಾಗೆ, ಸಮಸಮವಾಗಿ ಇದೆ, ಭಾವಗೀತೆ ಅನ್ನಿಸಲು ಅದು ಎರಡನೇ ಕಾರಣ. ಇದನ್ನು ಉಸಿರಿನಲ್ಲಿ ಕೂರಿಸಲು 1, 2, 3ನೇ ತೂತುಗಳನ್ನು ಒಟ್ಟಿಗೆ ಎಳೆದು, ಒಟ್ಟಿಗೆ ಊದಿ, ರೈಲಿನ ಹಾಗೆ ಓಡಿಸಿ. ಮೊದಲು ತೀರಾ ನಿಧಾನ. ನನಗೆ ಇದು ಹಿಡಿದಿದ್ದು ಬಂಗಾರಪೇಟೆಯಿಂದ ಬೆಂಗಳೂರಿಗೆ ಪ್ಯಾಸೆಂಜರ್ ಗಾಡಿಯಲ್ಲಿ ಓಡಾಡುವಾಗ. ಬಾಗಿಲ ಹತ್ತಿರ ನಿಂತು ಹಳಿಯ ಸಂದಿನ ಸದ್ದಿಗೆ ಉಸಿರು ಹೊಂದಿಸುತ್ತಿದ್ದೆ. ಅಮೆರಿಕದ ಹಳೇ ಹಾರ್ಪ್ ವಾದಕರಿಗೂ ರೈಲು ಅಂದರೆ ಪ್ರಾಣ. 1911ರಲ್ಲಿ ಹುಟ್ಟಿದ, ಕಣ್ಣು ಕಳೆದುಕೊಂಡಿದ್ದ ಸನ್ನಿ ಟೆರ್ರಿ ಒಬ್ಬರೇ ಕೂತು ಹಾರ್ಪಿನಲ್ಲಿ ಇಡೀ ರೈಲು ಓಡಿಸುತ್ತಿದ್ದರು, ನಡುನಡುವೆ ಬಾಯಿಂದ ಕೂಗೂ ಸೇರಿಸುತ್ತಿದ್ದರು. ಬ್ಯಾಂಡ್ ಇಲ್ಲದೆ ಮನೆಯಲ್ಲಿ ಒಬ್ಬರೇ ನುಡಿಸುವ ನಿಮ್ಮಂಥವರು ಮೊದಲು ಅವರನ್ನು ಕೇಳಬೇಕು.

ಇನ್ನೊಂದು ವಿಷಯ, ಖಾಲಿ ಬಿಡುವುದು. ನಿಮ್ಮ ಒಂದು ನಿಮಿಷದಲ್ಲಿ ಎಲ್ಲೂ ಬಿಡುವೇ ಇಲ್ಲ. ಬ್ಲೂಸ್ ಹಾಡಿನಲ್ಲಿ ಸಾಮಾನ್ಯವಾಗಿ ಒಂದು ಸಾಲು, ಅದೇ ಸಾಲು ಮತ್ತೆ, ಆಮೇಲೆ ಅದಕ್ಕೆ ಉತ್ತರದ ಸಾಲು. ಪ್ರತಿ ಸಾಲೂ ಸುಮಾರು ಎರಡು ಬಾರ್ ಹಾಡಿ, ಎರಡು ಬಾರ್ ವಾದ್ಯಕ್ಕೆ ಬಿಡುತ್ತಾರೆ. ನಮ್ಮ ಆವರ್ತದ ಲೆಕ್ಕದಲ್ಲಿ 1, 3, 5ನೇ ಆವರ್ತ ಹಾಡುವವರದ್ದು, 2, 4, 6 ಹಾರ್ಪಿನದ್ದು. ಭಜನೆಯಲ್ಲಿ ಮುಂದಿನವರು ಹೇಳುವುದು, ಹಿಂದಿನವರು ಎತ್ತಿಕೊಳ್ಳುವುದು ಇದೆಯಲ್ಲ, ಹಾಗೇ. ಮುಂದಿನವರು ಹೇಳುವಾಗ ಹಿಂದಿನವರು ಬಾಯಿ ಮುಚ್ಚಿಕೊಂಡು ಕೇಳುತ್ತಾರೆ. ಹಾಡುವವರು ಯಾರೂ ಇಲ್ಲದಿದ್ದರೆ ನೀವೇ ಹಾಡಿ. ಕನ್ನಡದಲ್ಲೇ ಹಾಡಿ. ‘ಮಳೆ ಬರಲಿಲ್ಲ ಈ ಸಲ’ ಅಂತ ಒಂದು ಸಾಲು ಹಾಡಿ, ಹಾರ್ಪ್ ಬಾಯಿಗಿಟ್ಟು ಎಂಟೆಣಿಕೆ ಉತ್ತರ ಕೊಡಿ. ಮೊದಲ ದಿನ ಸಂಕೋಚ ಆಗುತ್ತದೆ. ಮೂರನೇ ದಿನಕ್ಕೆ ಹಾರ್ಪ್ ನಿಮ್ಮ ಮಾತಿನ ಏರಿಳಿತ ಹಿಡಿದುಬಿಡುತ್ತದೆ.

ಕೇಳುವುದಕ್ಕೆ ಜಾಸ್ತಿ ಬೇಡ. ಹಾರ್ಪ್ ವಾದಕ ಲಿಟಲ್ ವಾಲ್ಟರ್ 1952ರಲ್ಲಿ ರೆಕಾರ್ಡ್ ಮಾಡಿದ ‘ಜೂಕ್’ ಒಂದನ್ನು ತಗೊಳ್ಳಿ. ಹಾಡಿಲ್ಲ, ಬರೀ ವಾದ್ಯ. ಸಣ್ಣ ಮೈಕನ್ನು ಹಾರ್ಪಿನ ಜೊತೆ ಅಂಗೈಯಲ್ಲಿ ಮುಚ್ಚಿ ಹಿಡಿದು ಆಂಪ್ಲಿಫೈಯರ್‌ಗೆ ಊದಿದ ಆ ದನಿ ಶಿಕಾಗೊ ಬ್ಲೂಸ್‌ನ ದಾರಿಯನ್ನೇ ಬದಲಿಸಿತು. ಅದು ಇ ಕೀಯಲ್ಲಿದೆ, ಅವರು ನುಡಿಸಿದ್ದು ಎ ಹಾರ್ಪ್. ನಿಮ್ಮ ಸಿ ಹಾರ್ಪಿಗೆ ಹೊಂದಬೇಕಾದರೆ ಆಪ್‌ನಲ್ಲಿ ಮೂರು ಅರ್ಧ ಸ್ವರ ಮೇಲಕ್ಕೆ ಏರಿಸಿ, ವೇಗ ಎಪ್ಪತ್ತು ಪರ್ಸೆಂಟ್‌ಗೆ ಇಳಿಸಿ. ಮೊದಲ ಹನ್ನೆರಡು ಬಾರ್ ಮಾತ್ರ ಕಲಿಯಿರಿ. ಬರೆದುಕೊಂಡು ಬೇಡ, ವರ್ಣ ಕಲಿತ ಹಾಗೆ ಬಾಯಿಪಾಠ. ಅದು ಆದ ಮೇಲೆ ಸನ್ನಿ ಬಾಯ್ ವಿಲಿಯಮ್ಸನ್. ಆ ಹೆಸರಿನವರು ಇಬ್ಬರಿದ್ದರು. ನಾನು ಹೇಳುತ್ತಿರುವುದು 1965ರಲ್ಲಿ ತೀರಿಕೊಂಡ ಎರಡನೆಯವರು, ರೈಸ್ ಮಿಲ್ಲರ್ ಅಂತಲೂ ಕರೆಯುತ್ತಾರೆ. ಎರಡೇ ಸ್ವರದಲ್ಲಿ ಒಂದು ಇಡೀ ಮಾತು ಹೇಳಿ ಸುಮ್ಮನಾಗುವುದು ಹೇಗೆ ಅಂತ ಅವರಿಂದ ಕಲಿಯಬೇಕು.

ಲಿಟಲ್ ವಾಲ್ಟರ್ ಕೇಳಿದ ಮೇಲೆ ನಿಮಗೆ ಒಂದು ಅನುಮಾನ ಬರುತ್ತದೆ: ಅಷ್ಟು ದಪ್ಪ ದನಿ ಹೇಗೆ? ಮೈಕ್ ಸ್ವಲ್ಪ ಮಾಡುತ್ತದೆ, ನಾಲಿಗೆ ಜಾಸ್ತಿ ಮಾಡುತ್ತದೆ. ನೀವು ತುಟಿ ಚೂಪು ಮಾಡಿ ಒಂದು ತೂತು ಹಿಡಿಯುತ್ತೀರಿ. ಅವರು ಬಾಯಿ ಅಗಲ ಮಾಡಿ ನಾಲ್ಕು ತೂತು ಮುಚ್ಚಿ, ಎಡಗಡೆಯ ಮೂರನ್ನು ನಾಲಿಗೆಯಿಂದ ಅಡ್ಡಗಟ್ಟಿ, ಬಲಗಡೆ ಮೂಲೆಯಿಂದ ಸ್ವರ ತರುತ್ತಿದ್ದರು. ನಾಲಿಗೆ ಎತ್ತಿದರೆ ಕಾರ್ಡ್, ಇಟ್ಟರೆ ಸ್ವರ. ಇಡುವಾಗ ‘ಪಟ್’ ಅಂತ ಒಂದು ಏಟು ಬೀಳುತ್ತದೆ. ಎರಡೂ ಪಕ್ಕ ತೆರೆದು ನಡುವೆ ಮಾತ್ರ ಮುಚ್ಚಿದರೆ ಎರಡು ಸ್ಥಾಯಿ ಒಟ್ಟಿಗೆ ನುಡಿಯುತ್ತವೆ. 1 ಮತ್ತು 4 ಒಟ್ಟಿಗೆ ಎಳೆದು ನೋಡಿ, ಎರಡೂ ಪಂಚಮ, ಮೈ ಜುಮ್ ಅನ್ನುತ್ತದೆ. ಇದನ್ನು ದಿನಕ್ಕೆ ಹತ್ತು ನಿಮಿಷ ಈಗಿನಿಂದಲೇ ಶುರು ಮಾಡಿ, ಆದರೆ ಬೆಂಡ್ ಅಭ್ಯಾಸವನ್ನು ನಿಮಗೆ ಬರುವ ತುಟಿಯ ರೀತಿಯಲ್ಲೇ ಮುಂದುವರಿಸಿ. ಎರಡು ಹೊಸ ಕಷ್ಟವನ್ನು ಒಂದೇ ಸಲ ಹೊರುವುದು ಬೇಡ.

ಓವರ್‌ಬ್ಲೋ ಕೇಳಿದ್ದಿರಿ. ಊದುವಾಗ ಸ್ವರ ಮೇಲಕ್ಕೆ ಹಾರುವ ತಂತ್ರ ಅದು. ಅದನ್ನು ಬೆಳೆಸಿದ ಹೊವರ್ಡ್ ಲೆವಿ ಹತ್ತು ತೂತಿನಲ್ಲಿ ಹನ್ನೆರಡೂ ಸ್ವರ ನುಡಿಸಿ ತೋರಿಸಿದವರು, ದೊಡ್ಡ ಸಾಧನೆ. ನಿಮಗೆ ಅದರಿಂದ ಸಿಗುವ ಮುಖ್ಯ ಲಾಭ 6ನೇ ತೂತಿನಲ್ಲಿ ಮೇಲಿನ ಸ್ಥಾಯಿಯ ಸಾಧಾರಣ ಗಾಂಧಾರ. ಕೆಳಗಿನ ಗಾಂಧಾರವೇ ಕೂರದೆ ಮೇಲಿನದನ್ನು ಹುಡುಕುವುದು ಯಾಕೆ? ಹಳೇ ಶಿಕಾಗೊ ಬ್ಲೂಸ್‌ನ ಬಹುಪಾಲು ಓವರ್‌ಬ್ಲೋ ಇಲ್ಲದೆಯೇ ಆಗಿದೆ.

ಎರಡನೇ ಹಾರ್ಪ್ ಬೇಕಾಗುವುದು ಗಿಟಾರ್ ನುಡಿಸುವ ಸ್ನೇಹಿತರು ಸಿಕ್ಕ ದಿನ. ಅವರು ಹೆಚ್ಚಾಗಿ ಇ ಅಥವಾ ಎ ಕೀಯಲ್ಲಿ ಬ್ಲೂಸ್ ನುಡಿಸುತ್ತಾರೆ. ಲೆಕ್ಕ ಸುಲಭ: ಅವರ ಷಡ್ಜದಿಂದ ಶುದ್ಧ ಮಧ್ಯಮ ಯಾವುದೋ ಅದೇ ಹಾರ್ಪ್. ಇಗೆ ಎ ಹಾರ್ಪ್, ಎಗೆ ಡಿ ಹಾರ್ಪ್. ಮೊದಲು ಎ ತಗೊಳ್ಳಿ. ಹೋಹ್ನರ್ ಸ್ಪೆಷಲ್ 20 ಥರದ್ದು, ಒಳಗಿನ ಚೌಕಟ್ಟು ಪ್ಲಾಸ್ಟಿಕ್ ಇರುವುದು ಸಾಕು, ಎಂಜಲು ತಾಗಿ ಮರದ ಹಾಗೆ ಉಬ್ಬುವುದಿಲ್ಲ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ, ಎರಡು ಸಾಲು ತೂತಿನ ಟ್ರೆಮೊಲೊ ಮೌತ್ ಆರ್ಗನ್ ಮಾತ್ರ ಇದಕ್ಕೆ ಬೇಡ. ಹಳೇ ಸಿನಿಮಾ ಹಾಡಿಗೆ ಅದು ಇಂಪು, ಬ್ಲೂಸ್‌ನ ಬೆಂಡ್ ಅದರಲ್ಲಿ ಆಗುವುದಿಲ್ಲ. ನುಡಿಸುವ ಮುಂಚೆ ಬಾಯಿ ಮುಕ್ಕಳಿಸಿ. ಮುಗಿದ ಮೇಲೆ ತೂತುಗಳನ್ನು ಅಂಗೈಗೆ ತಟ್ಟಿ ತೇವ ಉದುರಿಸಿ, ಡಬ್ಬಿಗೆ ಹಾಕುವ ಮುಂಚೆ ಸ್ವಲ್ಪ ಗಾಳಿಗೆ ಬಿಡಿ.

ಸಮಯದ ವಿಷಯ: ದಿನಕ್ಕೆ ಮೂವತ್ತು ನಿಮಿಷ ಸಾಕು, ಆದರೆ ಹದಿನೈದು ಬರೀ 3ನೇ ತೂತಿಗೆ ಕೊಡಿ. ಕೋಲಾರಮ್ಮನ ಕೆರೆ ಏರಿಯ ಮೇಲೆ ಬೆಳಗ್ಗೆ ಆರಕ್ಕೆ ಕೂತು ನಾನು ಇದನ್ನೇ ಮಾಡುತ್ತಿದ್ದೆ, ಒಂದೇ ತೂತು, ತಿಂಗಳುಗಟ್ಟಲೆ. ವಾಕಿಂಗ್ ಬರುವ ಹಿರಿಯರೊಬ್ಬರು ಒಂದು ದಿನ ನಿಂತು, "ಇವತ್ತು ಅದು ಅತ್ತಿತು ನೋಡಪ್ಪ" ಅಂದರು. ಅವರಿಗೆ ಬ್ಲೂಸ್ ಅಂದರೆ ಏನು ಅಂತ ಗೊತ್ತಿರಲಿಲ್ಲ. ಆ ದಿನ ಬಿ ಫ್ಲಾಟ್ ಸರಿಯಾಗಿ ಕೂತಿತ್ತು.

ಆರು ವಾರ ಬಿಟ್ಟು ಇನ್ನೊಂದು ರೆಕಾರ್ಡಿಂಗ್ ಕಳಿಸಿ. ಹಾಡು ಬೇಡ. ಆರು ಆವರ್ತ, ನಿಧಾನದ ತಿಶ್ರ ನಡೆ, ನಾಲ್ಕೇ ಸ್ವರ: 2 ಎಳೆದ ಷಡ್ಜ, 3ರ ಗಾಂಧಾರ, 4 ಊದಿದ ಮಧ್ಯಮ, 4 ಎಳೆದ ಪಂಚಮ. ಹಾಡುವವರು ಇಲ್ಲದ್ದರಿಂದ ಈ ಸಲ 1, 3, 5ನೇ ಆವರ್ತದ ಮೊದಲ ನಾಲ್ಕು ಎಣಿಕೆಯಲ್ಲಿ ಮಾತ್ರ ನುಡಿಸಿ, ಉಳಿದದ್ದು ಖಾಲಿ ಬಿಡಿ, ತಾಳ ಕೇಳಿಸಲಿ. ಮೂರನೇ ಆವರ್ತದಲ್ಲಿ ಕಾರ್ಡ್ ಸಿಗೆ ತಿರುಗಿದಾಗ ನಿಮ್ಮ ಗಾಂಧಾರ ಎಲ್ಲಿ ಬಂದು ನಿಲ್ಲುತ್ತದೆ ಅಂತ ನಾನು ಮೊದಲು ಅಲ್ಲೇ ಕೇಳುತ್ತೇನೆ.